ಹರಿದ ರೊಟ್ಟಿಯ ಫೋಟೊ

“ಮುಬೀನಾ, ಎಸರು ತಗೊಂಡು ಎಲ್ಲಿ ಕುಂತೀಯವ್ವಾ? ಇಲ್ಲಿ ಹಿಟ್ಟು ಕಾಯ್ಕೋತ ಕುಂತೈತಿ.”

ಅವ್ವ ಸಗೀರಾ ಒಲೆಯ ಕಡೆಯಿಂದ ಮತ್ತೆ ಕೂಗಿದಳು. ಮುಬೀನಾಗೆ ಕೇಳಿಸಿತು. ಕೇಳಿಸಿದರೂ ಕೇಳಿಸದವಳ ಹಾಗೆ ಕೂತಳು. ಅವಳ ಮುಂದೆ ದೊಡ್ಡದೊಂದು ಬಿಳಿ ರಟ್ಟು ಇತ್ತು, ಕೈಯಲ್ಲಿ ನೀಲಿ ಮಾರ್ಕರ್ ಇತ್ತು, ತಲೆಯ ತುಂಬ ಇಂಗ್ಲಿಷ್ ಇತ್ತು. ಬಿಸಿನೀರಿನ ಕಿಟ್ಲಿ ಪಕ್ಕದಲ್ಲಿ ನೆಲದ ಮೇಲಿತ್ತು.

“ಬಂದೆ ಬಂದೆ. ಒಂದ ಅಕ್ಷರ ಉಳದೈತಿ.”

ಒಂದಕ್ಷರ ಎಲ್ಲಿಂದ ಬಂತು, ಇನ್ನೂ ಅರ್ಧ ಸಾಲು ಬಾಕಿ ಇತ್ತು. ಆದರೆ ಐದನೇ ಕ್ಲಾಸಿನವರು ‘ಒಂದೇ ಒಂದು’ ಅಂದರೆ ಅದನ್ನು ನಂಬುವವರು ಯಾರೂ ಇಲ್ಲ, ಅವ್ವಂದಿರಂತೂ ನಂಬುವುದೇ ಇಲ್ಲ.

ಇಂಡಿ ಊರಿನ ಆ ಓಣಿಯಲ್ಲಿ ಸಗೀರಾಳ ರೊಟ್ಟಿ ಕೇಂದ್ರ ಎಲ್ಲರಿಗೂ ಗೊತ್ತು. ತಗಡಿನ ಶೆಡ್ಡು, ಒಳಗೆ ಸಾಲಾಗಿ ಒಲೆಗಳು, ಒಂದೊಂದು ಒಲೆಯ ಮುಂದೆ ಒಬ್ಬೊಬ್ಬ ಹೆಂಗಸು. ಮದುವೆ ಅಂದರೆ ಸಿಂದಗಿಯಿಂದ, ಬಸವನ ಬಾಗೇವಾಡಿಯಿಂದಲೂ ಕಡಕ್ ರೊಟ್ಟಿಗೆ ಫೋನು ಬರುತ್ತಿತ್ತು.

ಜೋಳದ ಹಿಟ್ಟು ಗೋಧಿ ಹಿಟ್ಟಿನ ಹಾಗೆ ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೆ ಕುದಿಯುವ ನೀರೇ ಬೇಕು. ಆ ನೀರಿಗೇ ಎಸರು ಅನ್ನುವುದು. ಮೊದಲ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯುತ್ತಿರುತ್ತದೆ. ಸಾಲೆ ಬಿಟ್ಟು ಬಂದ ಮೇಲೆ ಅದನ್ನು ಕಿಟ್ಲಿಗೆ ತುಂಬಿಕೊಂಡು ಎಲ್ಲರ ಹಿಟ್ಟು ನಾದುವ ಪರಾತಕ್ಕೆ ಹಾಕುವುದು ಮುಬೀನಾಳ ಕೆಲಸ. ಅವತ್ತು ಎಲ್ಲರಿಗೂ ಹಾಕಿ ಆಗಿತ್ತು. ಬಾಗಿಲ ಬಳಿ ಕೂತಿದ್ದ ಮುಕ್ತಾ ಕಾಕು ಒಬ್ಬಳೇ ಉಳಿದಿದ್ದಳು.

ಇಷ್ಟಕ್ಕೆಲ್ಲ ಕಾರಣ ಬಾಬುಲಾಲ ಸರ್. ಅವರು ಇಂಗ್ಲಿಷ್ ಸರ್, ಮುದ್ದೇಬಿಹಾಳದವರು. ಪ್ರತಿ ಸೋಮವಾರ ಬೋರ್ಡಿನ ಮೇಲೆ ಇಂಗ್ಲಿಷಿನ ಒಂದು ಮಾತು ಬರೆಯುತ್ತಿದ್ದರು. ಈ ವಾರದ ಮಾತು ‘ಡು ಇಟ್ ರೈಟ್ ದ ಫಸ್ಟ್ ಟೈಮ್’. ಅಂದರೆ, ಕೆಲಸವನ್ನು ಮೊದಲನೇ ಸಲಕ್ಕೇ ಸರಿಯಾಗಿ ಮಾಡು.

“ಇದನ್ನ ನೋಟ್‌ಬುಕ್ಕಿನ್ಯಾಗ ಬರದು ಮುಚ್ಚಿಡಬ್ಯಾಡ್ರಿ,” ಅಂದಿದ್ದರು ಸರ್. “ನಿಮ್ಮ ಮನಿ, ಅಂಗಡಿ, ಹೊಲ, ಎಲ್ಲಿ ಈ ಮಾತು ಹೊಂದತೈತಿ ಅಲ್ಲಿ ಬರೀರಿ. ಫೋಟೊ ತಗದು ಕ್ಲಾಸಿನ ಗ್ರೂಪಿಗೆ ಹಾಕ್ರಿ. ಯಾರದು ಚಲೋ ಇರತೈತಿ ನೋಡೂಣು.”

ಅಷ್ಟು ಸಾಕಾಯಿತು ಮುಬೀನಾಗೆ. ತನ್ನದೇ ಚಲೋ ಇರಬೇಕು ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟಿದ್ದಳು.

ಕೊನೆಯ ಅಕ್ಷರ ಬರೆದು, ಅದರ ಕೆಳಗೊಂದು ಗೆರೆ ಎಳೆದು, ದೂರ ಹಿಡಿದು ನೋಡಿದಳು. ಆಹಾ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಹಾಗೇ ಇತ್ತು. ಆಮೇಲೆ ಕಿಟ್ಲಿಯ ನೆನಪಾಗಿ ಓಡಿಹೋಗಿ ಮುಕ್ತಾ ಕಾಕುವಿನ ಪರಾತಕ್ಕೆ ನೀರು ಸುರಿದಳು. ಮುಕ್ತಾ ಕಾಕು ಏನೂ ಅನ್ನದೆ ನಾದತೊಡಗಿದಳು.

ಮುಕ್ತಾ ಕಾಕು ಕೆಲಸಕ್ಕೆ ಹೊಸಬಳು. ಸೊಲ್ಲಾಪುರದ ಕಡೆಯವಳು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಅವರ ಮನೆಯಲ್ಲಿ ಚಪಾತಿ ಲಟ್ಟಿಸುವ ರೂಢಿ, ರೊಟ್ಟಿ ಬಡಿಯುವ ರೂಢಿ ಇರಲಿಲ್ಲ. ಆದರೆ ಗಂಡ ಪಾಂಡುರಂಗನ ಕಿರಾಣಿ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಯಾರಾದರೂ ಹೊರಗೆ ದುಡಿಯಲೇಬೇಕಾಯಿತು. ಸಗೀರಾ ಕರೆದಳು, ಇವಳು ಬಂದಳು.

ಅವಳ ಮಗಳು ಶಿವಾನಿ ಮುಬೀನಾಳ ಕ್ಲಾಸ್‌ಮೇಟ್. ಒಂದೇ ಬೆಂಚು. ಆಯಿ, ಅಂದರೆ ಅವ್ವ, ಕೆಲಸಕ್ಕೆ ಸೇರಿದ ದಿನವೇ ಶಿವಾನಿ ಮುಬೀನಾಳನ್ನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋಗಿ, “ನಮ್ಮ ಆಯಿ ನಿಮ್ಮಲ್ಲಿ ಬರ್ತಾಳಂತ ಸಾಲ್ಯಾಗ ಯಾರಿಗೂ ಹೇಳಬ್ಯಾಡ,” ಅಂದಿದ್ದಳು. “ಯಾಕ ಹೇಳ್ಲಿ, ನನಗೇನ ಬೇರೆ ಕೆಲಸಿಲ್ಲೇನು?” ಅಂದಿದ್ದಳು ಮುಬೀನಾ.

ಈಗ ಅವಳಿಗೆ ಅದ್ಯಾವುದೂ ನೆನಪಿರಲಿಲ್ಲ. ಸ್ಟೂಲು ಹತ್ತಿ ರಟ್ಟನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಅವ್ವನ ಮೊಬೈಲು ತಂದಳು. ಬರೀ ಬೋರ್ಡಿನ ಫೋಟೊ ಯಾಕೋ ಸಪ್ಪೆ ಅನ್ನಿಸಿತು. ಅಷ್ಟರಲ್ಲಿ ಮುಕ್ತಾ ಕಾಕು ಹಂಚಿನಿಂದ ತೆಗೆದ ರೊಟ್ಟಿ ನಡುವೆ ಬಾಯಿಬಿಟ್ಟು ಎರಡು ಕಡೆ ಹರಿದಿರುವುದು ಕಣ್ಣಿಗೆ ಬಿತ್ತು.

“ಕಾಕು, ಆ ರೊಟ್ಟಿ ಹಂಗ ಹಿಡಕೊಂಡು ಇಲ್ಲಿ ಬರ್ರಿ. ಬೋರ್ಡಿನ ಬಾಜೂಕ ನಿಲ್ರಿ. ನಿಂಬೆವ್ವಾಯಿ, ನೀವು ಈ ಕಡೆ. ನಿಮ್ಮದು ಚಲೋ ರೊಟ್ಟಿ ಹಿಡೀರಿ.”

ನಿಂಬೆವ್ವ ಎಲ್ಲರಿಗಿಂತ ಹಿರಿಯಳು. ಅವಳ ರೊಟ್ಟಿ ಕಾಗದದಷ್ಟು ತೆಳ್ಳಗೆ ಬರುತ್ತಿತ್ತು. ಫೋಟೊ ಅಂದ ಕೂಡಲೇ ಸೆರಗು ಸರಿಮಾಡಿಕೊಂಡು ಬಂದು ನಿಂತಳು. ಮುಕ್ತಾ ಕಾಕು ಒಂದು ಗಳಿಗೆ ಹಿಂದೆಮುಂದೆ ನೋಡಿ, ಹುಡುಗಿಯ ಆಸೆ ಯಾಕೆ ಮುರಿಯಬೇಕು ಅನ್ನುವಂತೆ ನಕ್ಕು, ಆ ಹರಿದ ರೊಟ್ಟಿ ಹಿಡಿದು ಈ ಕಡೆ ನಿಂತಳು. ನಡುವೆ ಬೋರ್ಡು. ಕ್ಲಿಕ್.

“ಅದೇನ ಬರದೀಯವ್ವಾ ಅದರಾಗ?” ನಿಂಬೆವ್ವ ಕೇಳಿದಳು. “ನಮಗ ಕನ್ನಡನ ಓದಾಕ ಬರೂದಿಲ್ಲ, ನೀ ಇಂಗ್ಲಿಷ್ ಬರದೀ.”

“ಮೊದಲನೇ ಸಲಕ್ಕ ಸರಿ ಮಾಡ್ರಿ ಅಂತ. ಕೆಡಸಿ ಆಮ್ಯಾಗ ತಿರಗಿ ಮಾಡಬಾರ್ದು.”

“ಹಂಗಾರ ಇದು ಮುಕ್ತಾನ ಸಲುವಾಗಿ ಬರದದ್ದು,” ಅಂದಳು ಪಕ್ಕದ ಒಲೆಯ ಮೆಹನಾಜ ಖಾಲಾ. ಅವಳಿಗೆ ಯಾರನ್ನಾದರೂ ಕಾಡಿಸದಿದ್ದರೆ ಉಂಡ ಅನ್ನ ಜೀರ್ಣವಾಗುವುದಿಲ್ಲ.

ಶೆಡ್ಡಿನ ತುಂಬ ನಗು ಎದ್ದಿತು. ಮುಕ್ತಾ ಕಾಕುವೂ ನಕ್ಕಳು. ನಗುತ್ತಲೇ ಕೈಯಲ್ಲಿದ್ದ ರೊಟ್ಟಿಯನ್ನು ಇಳಿಸಿ, ಮಡಚಿ, ಸೆರಗಿನ ಮರೆಗೆ ಹಿಡಿದುಕೊಂಡಳು. ಮುಬೀನಾ ಅದನ್ನು ನೋಡಲಿಲ್ಲ. ಅವಳು ಫೋಟೊ ಗ್ರೂಪಿಗೆ ಹಾಕುತ್ತಿದ್ದಳು.

ಸ್ವಲ್ಪ ಹೊತ್ತಿಗೇ ಸರ್ ಅವರ ಉತ್ತರ ಬಂತು. ‘ವೆರಿ ಗುಡ್ ಮುಬೀನಾ. ಒಂದು ಕಡೆ ರೈಟ್, ಒಂದು ಕಡೆ ರಾಂಗ್. ಸೂಪರ್ ಐಡಿಯಾ.’ ಅದರ ಕೆಳಗೆ ಹೆಬ್ಬೆರಳುಗಳ ಸಾಲು. ಮುಬೀನಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಕ್ಲಾಸಿನಲ್ಲಿ ಶಿವಾನಿ ಬೇರೆ ಬೆಂಚಿನಲ್ಲಿ ಕೂತಿದ್ದಳು.

“ಯಾಕ ಅಲ್ಲಿ ಕುಂತಿ?” ಅಂದಳು ಮುಬೀನಾ. ಶಿವಾನಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಪುಸ್ತಕ ತಲೆಕೆಳಗಾಗಿತ್ತು.

ಉತ್ತರ ಹಿಂದಿನ ಬೆಂಚಿನಿಂದ ಬಂತು. ಅಲ್ಲಿ ಅಮಿತ ಕೂತಿದ್ದ. ಅವನ ಬಾಯಿಗೆ ಬೀಗ ಹಾಕಲು ಹೆಡ್‌ಮಾಸ್ತರರಿಗೂ ಆಗಿರಲಿಲ್ಲ. “ಶಿವಾನಿ, ರಾಂಗ್ ರೊಟ್ಟಿ ಹಿಡಕೊಂಡು ನಿಂತಾಕಿ ನಿಮ್ಮ ಆಯಿ ಹೌದಿಲ್ಲೋ? ನಮ್ಮವ್ವ ಗುರ್ತ ಹಿಡದ್ಲು. ನಿಮ್ಮ ಆಯಿ ಮನ್ಯಾಗ ಟ್ಯೂಷನ್ ಹೇಳ್ತಾಳ ಅಂದಿದ್ದಿ?”

ಒಂದಿಬ್ಬರು ನಕ್ಕರು. ಯಾರೋ “ಡು ಇಟ್ ರೈಟ್” ಅಂದರು. ಇನ್ಯಾರೋ “ಫಸ್ಟ್ ಟೈಮ್” ಅಂತ ಜೋಡಿಸಿದರು. ಆಮೇಲೆ ಅದೊಂದು ಹಾಡೇ ಆಗಿಹೋಯಿತು. ಮಗ್ಗಿ ಬಾಯಿಪಾಠ ಬರದವರಿಗೂ ಅದು ಚೆನ್ನಾಗಿ ಬಂತು.

ಶಿವಾನಿಯ ಕಿವಿ ಕೆಂಪಗಾದವು. ಅವಳು ಅಳಲಿಲ್ಲ. ಅತ್ತಿದ್ದರೆ ಮುಬೀನಾಗೆ ಎಷ್ಟೋ ಹಗುರಾಗುತ್ತಿತ್ತು.

ನಾನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ, ಬರೀ ಫೋಟೊ ಹಾಕಿದೆ ಅಷ್ಟೇ, ಅಂತ ಮುಬೀನಾ ತನಗೆ ತಾನೇ ಹೇಳಿಕೊಂಡಳು. ಸಂಜೆಯವರೆಗೂ ಹೇಳಿಕೊಳ್ಳುತ್ತಲೇ ಇದ್ದಳು.

ಸಂಜೆ ಶೆಡ್ಡಿಗೆ ಬಂದರೆ ಬಾಗಿಲ ಬಳಿಯ ಒಲೆ ಹಚ್ಚಿರಲಿಲ್ಲ. ಮುಕ್ತಾ ಕಾಕು ಬಂದಿರಲಿಲ್ಲ.

ಅವ್ವ ಬೋರ್ಡಿನ ಕೆಳಗೆ ನಿಂತಿದ್ದಳು. ಕೈಯಲ್ಲಿ ಮೊಬೈಲು. ನಿನ್ನೆ ಫೋಟೊ ತೆಗೆಯುವಾಗ ಅವ್ವ ಹೊರಗೆ ನಿಂತು ಸಿಂದಗಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇವತ್ತು ನಿಂಬೆವ್ವ ಎಲ್ಲ ಹೇಳಿದ್ದಳು.

“ಇದನ್ನ ನೀ ಹಾಕೀಯೇನು?”

“ಹೂಂ.”

“ಆಕಿನ್ನ ಕರದು, ಹರದ ರೊಟ್ಟಿ ಕೈಯಾಗ ಕೊಟ್ಟು ನಿಂದರಿಸೀಯೇನು?”

ಮುಬೀನಾ ಮೊಬೈಲಿಗೆ ಕೈ ಚಾಚಿದಳು. “ಡಿಲೀಟ್ ಮಾಡ್ತೇನಿ,” ಅಂದಳು.

“ಮಾಡು. ನೋಡಿದವರ ಕಣ್ಣಾಗಿಂದ ಹೆಂಗ ಡಿಲೀಟ್ ಮಾಡ್ತಿ ಅದನ್ನೂ ಹೇಳು.” ಅವ್ವ ಬೈಯುವಾಗ ಇಡೀ ಓಣಿಗೆ ಕೇಳಿಸುತ್ತಿತ್ತು. ಇವತ್ತು ಮಾತ್ರ ಮೆಲ್ಲಗೆ ಮಾತಾಡುತ್ತಿದ್ದಳು. ಅದೇ ಮುಬೀನಾಗೆ ಹೆಚ್ಚು ಭಯ ಹುಟ್ಟಿಸಿತು. “ಆಕಿ ಇನ್ನ ಬರೂದಿಲ್ಲ ಅಂತ ಫೋನ್ ಮಾಡಿದ್ಲು. ‘ನನ್ನ ಕೈಲೆ ಆಗೂದಿಲ್ಲ ಸಗೀರಾ, ನಿಮ್ಮ ಹೆಸರು ಕೆಡತೈತಿ’ ಅಂದ್ಲು. ಆ ಮನ್ಯಾಗ ದುಡಿಯೋ ಕೈ ಅದೊಂದ ಇತ್ತು. ಕುಂದರು ಅಲ್ಲಿ.”

“ಎಲ್ಲಿ?”

“ಆಕಿ ಜಾಗಾದಾಗ. ಸಿಂದಗಿ ಮದುವಿ ರೊಟ್ಟಿ ನಾಳಿಗೆ ಹೋಗಬೇಕು. ಆಕಿ ಇಲ್ಲಂದ್ರ ಆಕಿ ರೊಟ್ಟಿ ಯಾರ ಬಡೀತಾರ? ಬೋರ್ಡ ನೋಡ್ಕೋತ ಬಡಿ. ಮೊದಲನೇ ಸಲಕ್ಕ ಸರಿ ಮಾಡು.”

ಮೆಹನಾಜ ಖಾಲಾ ಕೂಡ ನಗಲಿಲ್ಲ. ಅವಳೂ ನಿನ್ನೆಯ ಮಾತಿಗೆ ನಾಚಿಕೊಂಡು ಮುಖ ಒಲೆಗೆ ತಿರುಗಿಸಿ ಕೂತಿದ್ದಳು.

ಮುಬೀನಾ ರೊಟ್ಟಿ ಬಡಿದದ್ದೇ ಇಲ್ಲ ಅಂತಲ್ಲ. ಮನೆಯಲ್ಲಿ ಆಟಕ್ಕೆ ಪುಟ್ಟ ಪುಟ್ಟ ರೊಟ್ಟಿ ಬಡಿದಿದ್ದಳು, ಅವ್ವ ಭೇಷ್ ಅಂದಿದ್ದಳು. ಬಾಗಿಲ ಬಳಿಯ ಒಲೆ ಹಚ್ಚಿಕೊಟ್ಟರು. ಎದುರಿಗೆ ಪರಾತ, ಹಿಟ್ಟು. ಎಸರಿನ ಕೆಲಸ ಇವತ್ತು ತಮ್ಮ ಅಫ್ತಾಬನಿಗೆ ಬಿದ್ದಿತ್ತು. ಅವನಿನ್ನೂ ಮೂರನೇ ಕ್ಲಾಸು.

ಅಫ್ತಾಬ ಕಿಟ್ಲಿ ತುಂಬಿಕೊಂಡು ಹೊರಟ. ಅವ್ವನಿಗೆ ಹಾಕಿದ, ನಿಂಬೆವ್ವನಿಗೆ ಹಾಕಿದ, ಖಾಲಾಗೆ ಹಾಕಿದ. ಅಷ್ಟರಲ್ಲಿ ತಗಡಿನ ಮೇಲೆ ಬೆಕ್ಕುಗಳು ಜಗಳ ಹಚ್ಚಿದವು. ಅಫ್ತಾಬ ಕಿಟ್ಲಿ ಕೆಳಗಿಟ್ಟು ಹೊರಗೆ ಓಡಿದ. ಯಾವ ಬೆಕ್ಕು ಗೆದ್ದಿತು ಅಂತ ಖಾತ್ರಿ ಮಾಡಿಕೊಂಡು ಬಂದು ಅಕ್ಕನ ಪರಾತಕ್ಕೆ ನೀರು ಸುರಿದ.

ಮುಬೀನಾ ನಾದಿದಳು. ಹಿಟ್ಟು ಕೂಡಿಕೊಳ್ಳಲಿಲ್ಲ. ಇನ್ನಷ್ಟು ನಾದಿದಳು. ಉಂಡೆ ಕಟ್ಟಿ ಮಣೆಯ ಮೇಲಿಟ್ಟು ಬಡಿದಳು. ಅಂಚು ಸೀಳಿತು. ಸೀಳಿದ ಕಡೆ ಒತ್ತಿದಳು, ಪಕ್ಕದಲ್ಲಿ ಸೀಳಿತು. ಹೇಗೋ ಎತ್ತಿ ಹಂಚಿಗೆ ಹಾಕಿದರೆ ನಡುವೆ ಬಾಯಿಬಿಟ್ಟಿತು. ನಿನ್ನೆ ಮುಕ್ತಾ ಕಾಕು ಹಿಡಿದಿದ್ದ ರೊಟ್ಟಿಯೇ ಇದು ಅನ್ನಬೇಕು, ಹಾಗಿತ್ತು.

ಇನ್ನೊಂದು ಬಡಿದಳು. ಅದೂ ಹರಿಯಿತು. ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂತು ಅಂತ ಯಾರಾದರೂ ತಿಳಿಯಲಿ ಅಂತ ಜೋರಾಗಿ ಕೆಮ್ಮಿದಳು.

ನಿಂಬೆವ್ವ ಎದ್ದು ಬಂದು ಅವಳ ಹಿಟ್ಟಿನಲ್ಲಿ ಬೆರಳಿಟ್ಟಳು. ಆಮೇಲೆ ಕಿಟ್ಲಿಯಲ್ಲಿ ಉಳಿದಿದ್ದ ನೀರನ್ನು ಅಂಗೈಗೆ ಹಾಕಿಕೊಂಡಳು.

“ಏ ಅಫ್ತಾಬ, ಇದು ಎಸರೇನೋ? ಕೈ ತೊಳಿಯೋ ನೀರು. ಇದರಾಗ ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು? ನಾನ ಬಡದ್ರೂ ಹರೀತೈತಿ.”

“ಜರಾ ಆರಿತ್ತಷ್ಟ,” ಅಂದ ಅಫ್ತಾಬ. “ನಾ ಬೆಕ್ಕ ನೋಡಾಕ ಹೋಗಿದ್ದೆ.”

ಮುಬೀನಾಳ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. ತಮ್ಮ ಬೆಕ್ಕು ನೋಡಲು ಹೋಗಿದ್ದ. ಅವಳು ನಿನ್ನೆ ಕಿಟ್ಲಿ ಪಕ್ಕದಲ್ಲಿಟ್ಟುಕೊಂಡು ಬೋರ್ಡು ಬರೆಯುತ್ತಿದ್ದಳು. ಅವ್ವ ಕೂಗಿದರೂ ಎದ್ದಿರಲಿಲ್ಲ. ಕೊನೆಯ ಗೆರೆ ಎಳೆದು, ದೂರ ಹಿಡಿದು ನೋಡಿ, ಆಮೇಲೆ ಆ ಆರಿದ ನೀರನ್ನು ಮುಕ್ತಾ ಕಾಕುವಿಗೆ ಸುರಿದಿದ್ದಳು.

ಆ ರೊಟ್ಟಿ ಹರಿದದ್ದು ತನ್ನಿಂದ. ಹರಿಸಿದವಳು ತಾನು, ಫೋಟೊದಲ್ಲಿ ನಿಂತವಳು ಮುಕ್ತಾ ಕಾಕು. ಮುಬೀನಾಗೆ ಎಷ್ಟು ನಾಚಿಕೆಯಾಯಿತೆಂದರೆ, ಅಲ್ಲಿ ಯಾರಿಗೂ ಇನ್ನೂ ಗೊತ್ತೇ ಇಲ್ಲದಿದ್ದರೂ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಅವತ್ತು ಅವಳು ಊಟಕ್ಕೆ ಕೂತವಳು ರೊಟ್ಟಿ ಮುಟ್ಟಲಿಲ್ಲ, ಬರೀ ಅನ್ನ ಉಂಡು ಎದ್ದಳು. ಬೋರ್ಡನ್ನು ಮೊಳೆಯಿಂದ ತೆಗೆದು ಒಲೆಗೆ ಹಾಕಿದಳು.

ಬೆಳಿಗ್ಗೆ ಇಂಗ್ಲಿಷ್ ಕ್ಲಾಸು. ಬಾಬುಲಾಲ ಸರ್ ಒಳಗೆ ಬರುತ್ತಲೇ, “ಈ ವಾರ ಎಲ್ಲಾರ್ಗಿಂತ ಚಲೋ ಫೋಟೊ ಯಾರದು ಅಂದ್ರ…” ಅಂತ ಶುರು ಮಾಡಿದರು.

ಮುಬೀನಾ ಎದ್ದು ನಿಂತಳು. ಹೇಳಬೇಕಾದ್ದನ್ನು ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಹೀಗೆ ಎಲ್ಲರ ಮುಂದೆ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ, ಶಿವಾನಿ ತನ್ನ ಬೆಂಚಿಗೆ ವಾಪಸ್ ಬರುತ್ತಾಳೆ ಅಂತ ಅವಳ ಲೆಕ್ಕ.

“ಸರ್, ನಂದು ಚಲೋ ಇಲ್ರಿ. ಆ ರೊಟ್ಟಿ ಹರದದ್ದು ನನ್ನಿಂದ. ನಾ ಬೋರ್ಡ ಬರಕೋತ ಕುಂತು ಎಸರು ಆರಿಸಿದ್ನಿ. ಆರಿದ ನೀರು ಹಾಕಿದ್ರ ರೊಟ್ಟಿ ಹರೀತೈತ್ರಿ. ಶಿವಾನಿ ಆಯಿದು, ಮುಕ್ತಾ ಕಾಕುದು ಏನೂ ತಪ್ಪಿಲ್ರಿ. ಅವರು ನಮ್ಮಲ್ಲಿ ಹೊಸದಾಗಿ ಕೆಲಸಕ್ಕ ಬಂದಾರ. ನಾ ತಪ್ಪ ಮಾಡಿ ಅವರನ್ನ ರಾಂಗ್ ಅಂತ ತೋರಿಸಿದ್ನಿ. ಸಾರಿ ರೀ.”

ಅಮಿತನ ಬಾಯಿ ಕೂಡ ಮುಚ್ಚಿತ್ತು. ಸರ್ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಮುಬೀನಾ ಉಸಿರು ಬಿಟ್ಟು ಶಿವಾನಿಯ ಕಡೆ ನೋಡಿದಳು.

ಶಿವಾನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ತಲೆ ಹಾಕಿದ್ದಳು.

ಸಾಲೆ ಬಿಟ್ಟ ಮೇಲೆ ಮುಬೀನಾ ಓಡಿಹೋಗಿ ಅವಳನ್ನು ಗೇಟಿನ ಹೊರಗೆ ಹಿಡಿದಳು. “ನಾ ಹೇಳಿದ್ನಲ್ಲ, ಎಲ್ಲಾರ ಮುಂದ ಹೇಳಿದ್ನಿ. ಇನ್ನೂ ಸಿಟ್ಟೇನು?”

“ಹೌದು, ಎಲ್ಲಾರ ಮುಂದ ಹೇಳಿದಿ.” ಶಿವಾನಿ ಕೈ ಬಿಡಿಸಿಕೊಂಡಳು. “ನಿನ್ನಿ ಅಮಿತ ಅಷ್ಟ ಅಂದಿದ್ದ. ಆಕಿ ನಮ್ಮ ಆಯಿ ಅಲ್ಲ, ಹಂಗ ಕಾಣ್ತಾಳಷ್ಟ ಅಂತ ಎಲ್ಲಾರಿಗೂ ಹೇಳಾಕಿ ಇದ್ದೆ ನಾನು. ಇವತ್ತ ನೀ ಹೆಸರ ಹಿಡದು ಹೇಳಿದಿ. ಕೆಲಸಕ್ಕ ಬರ್ತಾರ ಅಂತನೂ ಹೇಳಿದಿ. ಎಲ್ಲಾರೂ ನಿನಗ ಚಪ್ಪಾಳಿ ತಟ್ಟಿದ್ರು. ನನ್ನ ಯಾರ ನೋಡಿದ್ರು?”

ಮುಬೀನಾ ಮತ್ತೆ ಅವಳ ಕೈ ಹಿಡಿಯಲು ಹೋದಳು.

“ನಮ್ಮ ಆಯಿಗೆ ಹೇಳಿದ್ಯೇನು ನೀನು? ಆಕಿಗಷ್ಟ ಹೇಳಿಲ್ಲ,” ಅಂದಳು ಶಿವಾನಿ. ಅಂದು, ಸರಸರ ನಡೆದುಬಿಟ್ಟಳು.

ಮುಬೀನಾ ಅವಳ ಹಿಂದೆಯೇ ಹೋದಳು, ಸ್ವಲ್ಪ ದೂರ ಬಿಟ್ಟು. ನಿಂಬೆಹಣ್ಣಿನ ಗೋದಾಮಿನ ಹಿಂದೆ ಒಂದು ಬಾಡಿಗೆ ಕೋಣೆ, ಅದೇ ಅವರ ಮನೆ. ಬಾಗಿಲು ತೆರೆದಿತ್ತು. ಶಿವಾನಿ ಒಳಗೆ ಹೋದಳು. ಮುಬೀನಾ ಹೊಸ್ತಿಲ ಹೊರಗೆ ನಿಂತಳು. ಚಪ್ಪಲಿ ಬಿಡಬೇಕೋ ಬೇಡವೋ ಅಂತ ಒಂದು ಕಾಲಿಂದು ಬಿಟ್ಟು, ಇನ್ನೊಂದು ಹಾಗೇ ಇಟ್ಟುಕೊಂಡಳು.

ಮುಕ್ತಾ ಕಾಕು ಚಪಾತಿ ಲಟ್ಟಿಸುತ್ತಿದ್ದಳು. “ಯಾರು, ಮುಬೀನಾ? ಬಾರವಾ, ಯಾಕ ಹೊರಗ ನಿಂತಿ?”

ಆ ‘ಬಾರವಾ’ ಅನ್ನುವ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮುಬೀನಾಗೆ ಮರೆತುಹೋಯಿತು.

“ಕಾಕು, ಅವತ್ತ ಎಸರು ಆರಿತ್ರಿ. ಅದಕ್ಕ ರೊಟ್ಟಿ ಹರೀತು. ನಿಮ್ಮ ಕೈದು ತಪ್ಪಲ್ರಿ. ನೀವು ಬರ್ರಿ ಕೆಲಸಕ್ಕ.”

ಮುಕ್ತಾ ಕಾಕು ಲಟ್ಟಿಸುತ್ತಲೇ ಇದ್ದಳು. “ಎಸರು ಆರಿದ್ದು ನನಗ ಗೊತ್ತಿತ್ತವಾ. ಬೆರಳು ಇಟ್ಟ ಕೂಡಲೇ ಗೊತ್ತಾತು. ಹೊಸಬಾಕಿ ಆದ್ರೂ ಬಿಸಿ ಯಾವುದು, ಆರಿದ್ದು ಯಾವುದು ಅಷ್ಟ ತಿಳಿಯೂದಿಲ್ಲೇನು?”

“ಮತ್ತ ಯಾಕ ಹೇಳ್ಲಿಲ್ರಿ?”

“ನಿಮ್ಮವ್ವ ಆಗಲೇ ನಿನ್ನ ಕೂಗಿ ಕೂಗಿ ಸಿಟ್ಟಿಗೆದ್ದಿದ್ಲು. ನಾ ಎಸರು ಆರೈತಿ ಅಂದಿದ್ರ ಅಷ್ಟ ಹೆಣ್ಮಕ್ಕಳ ಮುಂದ ನಿನಗ ಬೈತಿದ್ಲು. ನೀ ಎಷ್ಟು ಖುಷೀಲೆ ಬರಕೋತ ಕುಂತಿದ್ದಿ. ಇರ್ಲಿ, ಆಮ್ಯಾಗ ಒಬ್ಬಾಕೇ ಸಿಕ್ಕಾಗ ಕಿವ್ಯಾಗ ಹೇಳಿದ್ರಾತು ಅಂತ ಸುಮ್ನಾದೆ.” ಮುಕ್ತಾ ಕಾಕು ಚಪಾತಿಯನ್ನು ಹಂಚಿಗೆ ಹಾಕಿದಳು. “ಅಷ್ಟರಾಗ ನೀ ಫೋಟೊಕ್ಕ ಕರದಿ.”

ಮುಬೀನಾ ಹೊಸ್ತಿಲಲ್ಲೇ ಕುಸಿದು ಕೂತಳು. ಈ ಸಲ ಕೆಮ್ಮಲಿಲ್ಲ, ಹೊಗೆಯ ಮೇಲೆ ಹಾಕಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಕ್ಲಾಸಿನಲ್ಲಿ ಚಪ್ಪಾಳೆ ಬಿದ್ದಾಗ ತಾನು ಎಷ್ಟು ನೆಟ್ಟಗೆ ನಿಂತಿದ್ದೆ ಅನ್ನುವುದು ನೆನಪಾಗಿ ಇನ್ನೂ ಅಳು ಬಂತು.

ಮುಕ್ತಾ ಕಾಕು ಕೈ ಒರೆಸಿಕೊಂಡು ಬಂದು ಅವಳ ತಲೆ ನೇವರಿಸಿದಳು. “ಸಾಕು, ಕಣ್ಣ ಒರಿಸ್ಕೊ. ಕೆಲಸಕ್ಕ ಬರೂದು ನನ್ನ ಕೈಯಾಗಿಲ್ಲ. ಇಲ್ಲಿ ಒಬ್ಬಾಕಿ ಸಿಟ್ಟ ಮಾಡ್ಕೊಂಡು ಕುಂತಾಳ. ಆಕಿ ಹೂಂ ಅಂದ್ರ ಬರ್ತೇನಿ.”

ಶಿವಾನಿ ಗೋಡೆಯ ಕಡೆ ಮುಖ ಮಾಡಿ ಈರುಳ್ಳಿ ಹೆಚ್ಚುತ್ತಿದ್ದಳು. ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ. ಈರುಳ್ಳಿ ಮಾತ್ರ ಬೇಕಾದ್ದಕ್ಕಿಂತ ಸಣ್ಣಗಾಗುತ್ತಾ ಹೋಯಿತು.

ಮುಬೀನಾ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಎರಡು ಹೆಜ್ಜೆ ಹಾಕಿದಾಗ ಹಿಂದಿನಿಂದ ಶಿವಾನಿಯ ದನಿ ಬಂತು.

“ನಾಳಿಗೆ ಆಯಿಗೆ ಹಾಕೋ ಎಸರು ಸುಡಸುಡು ಇರಬೇಕು.”

ಮುಬೀನಾ ತಿರುಗಿ ನೋಡಿದಳು. ಶಿವಾನಿ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದಳು. “ಹೂಂ,” ಅಂದಳು ಮುಬೀನಾ, ಅಷ್ಟೇ.

ಗೋದಾಮು ದಾಟಿ ದೊಡ್ಡ ರಸ್ತೆಗೆ ಬಂದಾಗ ಪಕ್ಕದಲ್ಲಿ ಒಂದು ಬೈಕು ನಿಂತಿತು. ಬಾಬುಲಾಲ ಸರ್. ಬಜಾರದಿಂದ ಬರುತ್ತಿದ್ದರು, ಹ್ಯಾಂಡಲಿಗೆ ಕಾಯಿಪಲ್ಲೆಯ ಚೀಲ ನೇತಾಡುತ್ತಿತ್ತು.

“ಮುಬೀನಾ, ಇವತ್ತ ಭಾಳ ಧೈರ್ಯಾ ಮಾಡಿದಿ. ದೊಡ್ಡವರಿಗೂ ಆಗೂದಿಲ್ಲ ಹಂಗ ಹೇಳಾಕ. ಅದನ್ನೆಲ್ಲಾ ಚಂದಾಗಿ ಬರದು ಗ್ರೂಪಿಗೆ ಹಾಕಬೇಕಂತ ಮಾಡೇನಿ. ಎಲ್ಲಾರ ಮನ್ಯಾಗೂ ಓದಲಿ. ಹಾಕಲೇನು?”

ನಿನ್ನೆ ಮೊನ್ನೆಯ ಮುಬೀನಾ ಆಗಿದ್ದರೆ ಗ್ರೂಪು ಅಂದ ಕೂಡಲೇ ಕುಣಿಯುತ್ತಿದ್ದಳು.

“ಬ್ಯಾಡ್ರಿ ಸರ್.”

“ಯಾಕವಾ? ನಿನ್ನ ಹೆಸರು ಬರತೈತಿ.”

“ನನ್ನ ಹೆಸರ ಒಂದ ಬರೂದಿಲ್ರಿ, ಅವರದೂ ಬರತೈತಿ,” ಅಂದಳು ಮುಬೀನಾ. “ಹಾಕಬ್ಯಾಡ್ರಿ.”

ಸರ್ ಅವಳ ಅತ್ತು ಕೆಂಪಾದ ಕಣ್ಣು ನೋಡಿದರು. ಹೊರತೆಗೆದಿದ್ದ ಮೊಬೈಲನ್ನು ಕಿಸೆಗೆ ಹಾಕಿಕೊಂಡು ಬೈಕು ಚಾಲೂ ಮಾಡಿದರು.

ಶೆಡ್ಡಿಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. “ಎಲ್ಲಿ ಹೋಗಿದ್ದಿ ಇಷ್ಟೊತ್ತು? ಮುಕ್ತಾನ ಮನಿಗೇನು? ಏನಂದ್ಲು ಆಕಿ?”

ನಿಂಬೆವ್ವ, ಮೆಹನಾಜ ಖಾಲಾ ಕೂಡ ಕೈ ನಿಲ್ಲಿಸಿ ಇವಳ ಕಡೆ ನೋಡಿದರು. ಮುಕ್ತಾ ಕಾಕು ಹೇಳಿದ್ದೆಲ್ಲ ಮುಬೀನಾಳ ನಾಲಿಗೆಯ ತುದಿಯಲ್ಲಿತ್ತು.

“ಅವತ್ತ ಎಸರು ಆರಿಸಿದಾಕಿ ನಾನ, ಅದಕ್ಕ ಕಾಕುನ ರೊಟ್ಟಿ ಹರೀತು. ನಾಳಿಗೆ ಬರ್ತಾರಂತ,” ಅಂದಳು ಮುಬೀನಾ. ಉಳಿದದ್ದನ್ನು ಅವಳು ಯಾರಿಗೂ ಹೇಳಲಿಲ್ಲ.